ಕರೆಯಬಾರದ ನಲವತ್ತೊಂದು ನಂಬರು

"ಆ ಕುರ್ಚಿಯಿಂದ ಏಳಿ."

ಅವಳು ಬೆಚ್ಚಿ ತಲೆಯೆತ್ತಿದಳು.

ರಕ್ತನಿಧಿಯ ಬಾಗಿಲಲ್ಲಿ ಬಿಳಿ ಕೋಟಿನವನೊಬ್ಬ ನಿಂತಿದ್ದ. ಎರಡೂ ಕೈಯಲ್ಲಿ ನೀಲಿ ಐಸ್‌ಪೆಟ್ಟಿಗೆ. ಮುಖದ ಮೇಲೆ ನಗುವಿನ ಸುಳಿವೂ ಇಲ್ಲ.

"ನಾನು ಹೊಸ ಮಾಡ್ಯೂಲ್ ಬರೆಯೋಕೆ ಬಂದಿರೋದು. ಮೇಡಂ ಇಲ್ಲೇ ಕೂತ್ಕೊಳ್ಳಿ ಅಂದ್ರು."

"ಅಂದಿರಬಹುದು. ಆ ಫೋನ್ ರಿಂಗ್ ಆದ್ರೆ ಎತ್ತಬೇಕಾದವನು ನಾನು. ಏಳಿ."

ಅವಳು ಬಾಯಿ ತೆರೆಯುವಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಅವನು ಪೆಟ್ಟಿಗೆಯನ್ನು ನೆಲಕ್ಕಿಟ್ಟು ಒಂದೇ ಹೆಜ್ಜೆಗೆ ಬಂದ. ಅವಳು ಲ್ಯಾಪ್‌ಟಾಪ್ ಎದೆಗವಚಿಕೊಂಡು ಗೋಡೆಗೆ ಅಂಟಿ ನಿಂತಳು.

ವಾರ್ಡಿನಿಂದ ಬಂದ ಕರೆ ಅದು. ಹೆರಿಗೆಯಾದ ಹೆಂಗಸಿಗೆ ತುರ್ತಾಗಿ ರಕ್ತ ಬೇಕು, ಸಿಗುವುದೇ ಅಪರೂಪವಾದ ಗುಂಪು. ಅವನು ಒಂದು ದಪ್ಪ ರಿಜಿಸ್ಟರ್ ತೆರೆದು ಯಾರಿಗೋ ಫೋನ್ ಹಚ್ಚಿದ.

"ಅಣ್ಣಾ, ಊಟ ಆಯ್ತಾ? ಮೊಮ್ಮಗಳ ಜ್ವರ ಇಳೀತಾ? ಹಾಂ... ಒಳ್ಳೇದಾಯ್ತು. ಅಣ್ಣಾ, ಇಲ್ಲೊಬ್ಬ ತಾಯಿ ಕಷ್ಟದಲ್ಲಿದ್ದಾಳೆ. ಅರ್ಧ ಗಂಟೆಯಲ್ಲಿ ಬರೋಕಾಗುತ್ತಾ?"

ಅರ್ಧ ಗಂಟೆ ಬೇಕಾಗಲಿಲ್ಲ. ಇಪ್ಪತ್ತೇ ನಿಮಿಷಕ್ಕೆ ನರೆಗೂದಲಿನವರೊಬ್ಬರು ಏದುಸಿರು ಬಿಡುತ್ತ ಬಂದು ಅಂಗಿಯ ತೋಳು ಮಡಚಿ ಮಲಗಿದರು.

ಅವಳು ನೋಡಿದಳು. ತನಗೆ ಗದರಿದ ಬಾಯಿಯೇ ಫೋನಿನಲ್ಲಿ ಅಷ್ಟು ಮೆತ್ತಗೆ ಮಾತಾಡಿದ್ದು ಹೇಗೆಂದು ಅವಳಿಗೆ ಅರ್ಥವಾಗಲಿಲ್ಲ. ಆದರೂ ಸಿಟ್ಟು ಸಿಟ್ಟೇ. ಆ ಕ್ಷಣವೇ ಅವನಿಗೊಂದು ಹೆಸರಿಟ್ಟಳು: ಐಸ್‌ಪೆಟ್ಟಿಗೆ.

*

ಅವಳ ಕೆಲಸವನ್ನು ಸರಳವಾಗಿ ಹೇಳಿಬಿಡುತ್ತೇನೆ.

ಆ ರಕ್ತನಿಧಿಯಲ್ಲಿ ಯಾವ ಗುಂಪಿನ ರಕ್ತ ಎಷ್ಟಿದೆ, ಯಾರು ಯಾವತ್ತು ಕೊಟ್ಟರು ಎಂಬುದನ್ನೆಲ್ಲ ನೋಡಿಕೊಳ್ಳಲು ಕಂಪ್ಯೂಟರಿನಲ್ಲಿ ಒಂದು ಅಡ್ಮಿನ್ ಪ್ಯಾನೆಲ್ ಇತ್ತು. ಹಳೆಯದು, ಗಟ್ಟಿಮುಟ್ಟಾದದ್ದು. ಅದಕ್ಕೆ ಅವಳೊಂದು ಹೊಸ ಮಾಡ್ಯೂಲ್ ಸೇರಿಸಬೇಕಿತ್ತು. ಇದ್ದ ಮನೆಯ ಗೋಡೆ ಕೆಡವದೆ ಪಕ್ಕಕ್ಕೊಂದು ಕೋಣೆ ಕಟ್ಟಿದ ಹಾಗೆ. ರಕ್ತ ಬೇಕಾದಾಗ ಆ ಮಾಡ್ಯೂಲ್ ತಾನೇ ಪಟ್ಟಿ ಹುಡುಕಿ, ಕೊಟ್ಟು ಮೂರು ತಿಂಗಳು ಕಳೆದವರನ್ನು ಆರಿಸಿ, ಅವರ ಮೊಬೈಲಿಗೆ ಸಂದೇಶ ಕಳಿಸಬೇಕು.

ಮೂರು ವಾರದ ಕೆಲಸ. ಅದು ಮುಗಿದ ಸೋಮವಾರ ಮಾಡ್ಯೂಲ್ ಶುರುವಾಗಲೇಬೇಕು.

ಈ ಮಾಡ್ಯೂಲ್ ಸರಿಯಾಗಿ ನಡೆಯದಿದ್ದರೆ ಅವಳ ಕೆಲಸವೂ ಉಳಿಯುವಂತಿರಲಿಲ್ಲ. ಹಿಂದಿನ ಕಂಪನಿಯಲ್ಲಿ ಅವಳು ಬರೆದ ಮಾಡ್ಯೂಲ್ ಒಂದು ಶಾಲೆಯ ಮಕ್ಕಳೆಲ್ಲರಿಗೂ ಗೈರುಹಾಜರಿ ಹಾಕಿ, ಮನೆಮನೆಗೂ ಸಂದೇಶ ಕಳಿಸಿತ್ತು. ಅಪ್ಪ ಅಮ್ಮಂದಿರೆಲ್ಲ ಎದ್ದೆನೋ ಬಿದ್ದೆನೋ ಎಂದು ಶಾಲೆಗೆ ಓಡಿದರೆ, ಮಕ್ಕಳು ಹಾಯಾಗಿ ಕೂತು ಮಗ್ಗಿ ಹೇಳುತ್ತಿದ್ದವು. ಕೇಳಿದವರಿಗೆ ನಗು. ಅವಳಿಗೆ ಮಾತ್ರ ಕೆಲಸ ಹೋಯಿತು.

"ಇದೊಂದು ಸರಿಯಾಗಿ ಮುಗಿಸಮ್ಮ. ಇನ್ನೊಂದು ಸಲ ಹಾಗಾದ್ರೆ ನಾನೂ ಏನೂ ಮಾಡೋಕಾಗಲ್ಲ," ಎಂದು ಈಗಿನ ಬಾಸ್ ನೇರವಾಗಿಯೇ ಹೇಳಿದ್ದರು.

ಅಂಥ ಹೊತ್ತಲ್ಲಿ ಈ ಐಸ್‌ಪೆಟ್ಟಿಗೆ ಹೆಜ್ಜೆಹೆಜ್ಜೆಗೂ ಅಡ್ಡ ಬರುತ್ತಿದ್ದ. ಅವನು ಅಲ್ಲಿನ ಹಿರಿಯ ಟೆಕ್ನಿಷಿಯನ್. ಅವನು ಒಪ್ಪದೆ ರಕ್ತನಿಧಿಯ ಮುಖ್ಯಸ್ಥೆ ಮೇಡಂ ಯಾವುದಕ್ಕೂ ಸಹಿ ಹಾಕುತ್ತಿರಲಿಲ್ಲ.

"ಏನ್ರಿ ಇದು, 'ರಕ್ತದ ಅಗತ್ಯವಿದೆ, ಕೂಡಲೇ ಬನ್ನಿ' ಅಂತ? ಮನುಷ್ಯರನ್ನ ಕರೆಯೋ ರೀತಿನಾ?"

"ಮತ್ತೆ ಹೇಗೆ ಕರೀಬೇಕು? ನೀವೇ ಹೇಳಿ."

"ಮೊದಲು ಊಟ ಆಯ್ತಾ ಅಂತ ಕೇಳಿ. ಹೊಟ್ಟೆಗಿಲ್ಲದೆ ಬಂದು ರಕ್ತ ಕೊಟ್ರೆ ತಲೆ ಸುತ್ತಿ ಬೀಳ್ತಾರೆ. ಅದಕ್ಕೂ ಆಯ್ತು, ಮರ್ಯಾದೆಗೂ ಆಯ್ತು."

ಅವಳು ತುಟಿ ಕಚ್ಚಿಕೊಂಡು ಹಾಗೇ ಬರೆದಳು. ಮರುದಿನ ತೋರಿಸಿದಾಗ ಅವನು ಹುಬ್ಬು ಗಂಟಿಕ್ಕಿದ.

"ಬೆಳಗ್ಗೆ ಎಂಟಕ್ಕೆ ಊಟ ಆಯ್ತಾ ಅಂತ ಹೋದ್ರೆ?"

"ಹನ್ನೊಂದರ ಒಳಗಾದ್ರೆ ತಿಂಡಿ ಆಯ್ತಾ ಅಂತ ಹೋಗುತ್ತೆ. ಆಮೇಲಾದ್ರೆ ಊಟ. ಅದನ್ನೂ ಬರ್ದಿದ್ದೀನಿ, ನೋಡಿ."

ಅವನು ಪರದೆ ನೋಡಿದ. ಮತ್ತೆ ಅವಳನ್ನು ನೋಡಿದ. ಆಮೇಲೆ ನಕ್ಕ, ಮೊದಲ ಸಲ!

ಅವಳು ಪರದೆ ಬಿಟ್ಟು ಅವನ ಮುಖವನ್ನೇ ನೋಡಿದಳು. 'ಅಯ್ಯೋ, ಇವನಿಗೆ ನಗೋಕೂ ಬರುತ್ತಾ...'

ಅಲ್ಲಿಂದ ದಿನಗಳು ಬೇರೆಯಾದವು. ಅವನು ಫೋನಿನಲ್ಲಿ ಮಾತಾಡುವುದನ್ನು ಕೇಳಲೆಂದೇ ಅವಳು ಟೈಪ್ ಮಾಡುವುದನ್ನು ನಿಲ್ಲಿಸುತ್ತಿದ್ದಳು. ಸಂಜೆ ಅವನು ಎರಡು ಲೋಟ ಟೀ ತರುತ್ತಿದ್ದ. ಒಂದು ದಿನ ಅವಳು ಮೇಜಿನ ಮೇಲಿದ್ದ ಬಿಸ್ಕತ್ತಿನ ಡಬ್ಬಿಗೆ ಕೈ ಹಾಕಿದಾಗ ಮುಚ್ಚಳ ಒತ್ತಿ ಹಿಡಿದ.

"ಇದು ರಕ್ತ ಕೊಟ್ಟವರಿಗೆ ಮಾತ್ರ."

"ನನಗೆ ಸೂಜಿ ಅಂದ್ರೆ ಜೀವ ಹೋಗುತ್ತೆ."

"ಹಾಗಾದ್ರೆ ಬರೀ ಟೀ ಕುಡೀರಿ."

ಹೀಗೆ ರೇಗಿಸುವವನು ಶನಿವಾರ ಹೊರಡುವ ಮುಂಚೆ ಮಾತ್ರ ಬಾಗಿಲಲ್ಲಿ ನಿಂತು ಕೋಟಿನ ಗುಂಡಿ ತಿರುವುತ್ತ ಹೇಳಿದ:

"ಸೋಮವಾರ ಇದೆಲ್ಲ ಮುಗಿಯುತ್ತಲ್ಲ... ಸಂಜೆ ಸ್ವಲ್ಪ ಇರ್ತೀರಾ? ನಿಮ್ಮತ್ರ ಒಂದು ಮಾತು ಹೇಳ್ಬೇಕು."

ಅವಳು ತಲೆಯಾಡಿಸಿದಳು. ಭಾನುವಾರವೆಲ್ಲ ಆ ಒಂದು ಮಾತು ಏನಿರಬಹುದು ಎಂದು ನೂರು ಸಲ ಊಹಿಸಿದಳು.

ಆದರೆ ಎಡವಟ್ಟು ಅದಕ್ಕೂ ಮೊದಲೇ ಆಗಿಹೋಗಿತ್ತು.

*

ಆ ವಾರದ ಬುಧವಾರ ಅವಳು ಹಳೆಯ ಪಟ್ಟಿಯನ್ನು ಮಾಡ್ಯೂಲಿನೊಳಕ್ಕೆ ತೆಗೆದುಕೊಳ್ಳುತ್ತಿದ್ದಳು. ಅದರಲ್ಲಿ ಹಲವು ದಿನಾಂಕಗಳು ಅಡ್ಡಾದಿಡ್ಡಿಯಾಗಿದ್ದವು. ತಿಂಗಳು ಹದಿನೈದು ಎಂದಿತ್ತು ಒಂದು ಕಡೆ. ಇನ್ನು ನಲವತ್ತೊಂದು ಜನರ ಹೆಸರಿನ ಮುಂದೆ, ಕೊನೆಯ ಸಲ ರಕ್ತ ಕೊಟ್ಟ ದಿನ ಇಸವಿ ಎರಡು ಸಾವಿರದ ತೊಂಬತ್ತೊಂಬತ್ತು, ಡಿಸೆಂಬರ್ ಮೂವತ್ತೊಂದು ಎಂದಿತ್ತು. ಇನ್ನೂ ಬಾರದ ದಿನ ರಕ್ತ ಕೊಟ್ಟು ಹೋಗಿರುವುದೆಂದರೆ! ಯಾರೋ ಕಣ್ಣುಮುಚ್ಚಿ ಟೈಪ್ ಮಾಡಿದ್ದಾರೆ ಎಂದುಕೊಂಡಳು.

ಅವನು ಪೆಟ್ಟಿಗೆ ಹಿಡಿದು ಆಪರೇಷನ್ ಥಿಯೇಟರಿನ ಕಡೆ ಓಡುತ್ತಿದ್ದ. ಹಿಂದಿನಿಂದ ಕೂಗಿ ಕೇಳಿದಳು:

"ಪಟ್ಟಿಯಲ್ಲಿ ತಪ್ಪು ದಿನಾಂಕ ಇರೋದನ್ನೆಲ್ಲ ತೆಗೆದುಬಿಡ್ಲಾ?"

"ತಪ್ಪನ್ನ ಇಟ್ಕೊಂಡು ಏನ್ ಮಾಡೋದು? ತೆಗೀರಿ."

ಅವಳು ಹೆಸರು ಉಳಿಸಿ ದಿನಾಂಕವನ್ನಷ್ಟೇ ತೆಗೆದಳು. ದಿನಾಂಕವೇ ಇಲ್ಲದಿದ್ದರೆ ಇನ್ನೂ ರಕ್ತ ಕೊಟ್ಟೇ ಇಲ್ಲ ಎಂದರ್ಥ. ಹಾಗೆ ಇದ್ದವರನ್ನು ಎಲ್ಲರಿಗಿಂತ ಮೊದಲು ಕರೆಯುವಂತೆ ಮಾಡ್ಯೂಲ್ ಬರೆದದ್ದೂ ಅವಳೇ.

ಆ ನಲವತ್ತೊಂದೂ ಅವಳ ತಪ್ಪಿನ ಲೆಕ್ಕಕ್ಕೆ ಸೇರುತ್ತವೆ ಎಂದು ಅವನಿಗೆ ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ಅದನ್ನು ಬೇಕೆಂದೇ ಹಾಕಿದವನು ಅವನೇ. ಹಳೆಯ ಪ್ಯಾನೆಲ್‌ನಲ್ಲಿ 'ಇವರನ್ನು ಕರೆಯಬೇಡಿ' ಎಂದು ಬರೆಯಲು ಜಾಗವಿರಲಿಲ್ಲ. ಹೆಸರು ಅಳಿಸಲು ಮನಸ್ಸು ಬಾರದೆ, ತೀರಿಕೊಂಡವರಿಗೆ, ಹಾಸಿಗೆ ಹಿಡಿದವರಿಗೆ, ಅವನು ಆ ದಿನಾಂಕ ಹಾಕಿಬಿಡುತ್ತಿದ್ದ. ವರ್ಷಗಟ್ಟಲೆ ಹಾಗೇ ನಡೆದುಕೊಂಡು ಬಂದಿತ್ತು. ಯಾರೂ ಕೇಳಿರಲಿಲ್ಲ, ಅವನೂ ಯಾರಿಗೂ ಹೇಳಿರಲಿಲ್ಲ.

*

ಸೋಮವಾರ ಮಧ್ಯಾಹ್ನ ಹನ್ನೆರಡೂವರೆ. ಮೇಡಂ, ರಕ್ತ ತೆಗೆಯುವ ನರ್ಸಕ್ಕ, ಅವಳ ಬಾಸ್, ಎಲ್ಲರೂ ಸುತ್ತ ನಿಂತಿದ್ದರು. ಅವನು ಗೋಡೆಗೊರಗಿ ಕೈಕಟ್ಟಿ ನಿಂತು ಅವಳ ಕಡೆಯೇ ನೋಡುತ್ತಿದ್ದ.

ಮೇಡಂ ಗುಂಡಿ ಒತ್ತಿದರು.

ಎಲ್ಲ ಗುಂಪಿನವರಿಗೂ ಮೊದಲ ಕರೆಯ ಸಂದೇಶಗಳು ಹೋದವು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾಲ್ಕು ನಿಮಿಷ ಕಳೆಯಿತು. ಫೋನ್ ಹೊಡೆದುಕೊಂಡಿತು. ಹತ್ತಿರವಿದ್ದ ಅವಳೇ ಎತ್ತಿದಳು.

ವಯಸ್ಸಾದ ಗಂಡಸಿನ ಧ್ವನಿ.

"ಯಾರಮ್ಮ ನೀವು? ನನ್ನ ಮಗನಿಗೆ ಊಟ ಆಯ್ತಾ ಅಂತ ಕೇಳಿದ್ದೀರಿ. ಬಾ ಅಂತ ಕರ್ದಿದ್ದೀರಿ. ಅವನು ಹೋಗಿ ಎರಡು ವರ್ಷ ಆಯ್ತಲ್ಲಮ್ಮ..."

"ಸಾರ್... ನಾನು... ಕ್ಷಮಿಸಿ..."

ಇನ್ನೊಂದು ಫೋನ್. ಮತ್ತೊಂದು. ಒಬ್ಬ ಹೆಂಗಸು ಮಾತೇ ಆಡದೆ ಅಳುತ್ತಿದ್ದಳು.

ಆಗ ಅವನ ಮೇಜಿನ ಡ್ರಾಯರಿನೊಳಗೆ ಏನೋ ಗುರ್ ಎಂದು ಅಲುಗಿತು.

ಅವನು ನಿಧಾನವಾಗಿ ಡ್ರಾಯರ್ ಎಳೆದ. ಒಳಗೊಂದು ಹಳೆಯ ಕೀಪ್ಯಾಡ್ ಫೋನ್. ಅಂಚುಗಳು ಸವೆದಿದ್ದವು, ಹಿಂದೆ ದಾರ ಕಟ್ಟಿತ್ತು. ಅದರ ಪುಟ್ಟ ಪರದೆಯ ಮೇಲೆ ಅವರಿಬ್ಬರೂ ಕೂತು ಬರೆದ ಸಾಲು: 'ಅಮ್ಮ, ಊಟ ಆಯ್ತಾ?' ಹೆಂಗಸರಾದರೆ ಅಮ್ಮ ಎನ್ನಿ, ಗಂಡಸರಾದರೆ ಅಣ್ಣ ಎನ್ನಿ ಎಂದು ಹೇಳಿಕೊಟ್ಟವನೂ ಅವನೇ.

ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಆ ತೊಂಬತ್ತೊಂಬತ್ತರ ದಿನಾಂಕ... ತೆಗೆದ್ರಾ?"

"ತಪ್ಪು ಅಂತ..."

"ಯಾರು ಹೇಳಿದ್ದು ತಪ್ಪು ಅಂತ?"

ಎಲ್ಲರ ಕಣ್ಣೂ ಅವಳ ಮೇಲೆ. ಬಾಸ್ ಹಣೆ ಚಚ್ಚಿಕೊಳ್ಳುತ್ತಿದ್ದರು. ಶಾಲೆ, ಗೈರುಹಾಜರಿ, ಹೋದ ಕೆಲಸ, ಎಲ್ಲ ಒಟ್ಟಿಗೆ ಅವಳ ಕಣ್ಣೆದುರು ಬಂದವು. ಬಾಯಿಂದ ಮಾತು ಜಾರಿಬಿಟ್ಟಿತು:

"ನಾನಲ್ಲ ಮೇಡಂ, ಇವರೇ ತೆಗೀರಿ ಅಂದ್ರು. ಇವರನ್ನ ಕೇಳಿಯೇ ಮಾಡಿದ್ದು!"

ಅವನು ಅವಳನ್ನು ನೋಡಿದ. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಇದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ.

"ಹೌದು ಮೇಡಂ. ನಾನೇ ಅಂದೆ."

ಅಷ್ಟು ಹೇಳಿ, ಆ ಹಳೆಯ ಫೋನ್ ಜೇಬಿಗೆ ಹಾಕಿಕೊಂಡು ರಕ್ತದ ಚೀಲಗಳಿದ್ದ ಶೀತಲ ಕೋಣೆಯೊಳಕ್ಕೆ ಹೋಗಿ ಬಾಗಿಲು ಮುಚ್ಚಿಕೊಂಡ.

ಮೇಡಂ ಮಾಡ್ಯೂಲನ್ನು ಬಂದ್ ಮಾಡಿಸಿದರು. ಸಂಜೆ ಹೇಳಬೇಕಾಗಿದ್ದ ಆ ಒಂದು ಮಾತು ಹಾಗೇ ಉಳಿಯಿತು.

*

ಮನೆಯಲ್ಲಿ ಅಪ್ಪ ಬಟಾಣಿ ಸುಲಿಯುತ್ತ ಕೂತಿದ್ದರು. ಅವಳು ಚಪ್ಪಲಿ ಬಿಡುವ ಸದ್ದಿನಲ್ಲೇ ಅವರಿಗೆ ಗೊತ್ತಾಯಿತು.

"ಏನಾಯ್ತು ಪುಟ್ಟಿ?"

ಅವಳು ಎಲ್ಲ ಹೇಳಿದಳು. ಅಪ್ಪ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಯಾರದ್ದು ತಪ್ಪು?"

"ಇಬ್ಬರದೂ ಅಪ್ಪ."

"ಅವನು ಒಪ್ಕೊಂಡ್ನಾ?"

"ಹ್ಞೂಂ... ಅಷ್ಟೂ ಜನರ ಮುಂದೆ."

"ನೀನು?"

ಅಪ್ಪ ಬಟಾಣಿಯ ತಟ್ಟೆಯನ್ನು ಅವಳ ಕಡೆ ಸರಿಸಿದರು. ಇಬ್ಬರೂ ಕೂತು ಸುಲಿದರು.

ಅಷ್ಟರಲ್ಲಿ ನರ್ಸಕ್ಕನ ಫೋನ್ ಬಂತು.

"ನೋಡಮ್ಮ, ನಿಂಗೆ ಹೇಳದೆ ಇರೋಕಾಗ್ತಿಲ್ಲ. ಮೂರು ಮನೆಯವರು ದೂರು ಕೊಟ್ಟಿದ್ದಾರೆ. ಇವನು ತಪ್ಪೆಲ್ಲ ನನ್ನದು, ಆ ಹುಡುಗೀದು ಏನೂ ಇಲ್ಲ, ದಿನಾಂಕದ ವಿಷಯ ಅವಳಿಗೆ ಹೇಳದೆ ಇದ್ದೋನು ನಾನು ಅಂತ ಬರ್ಕೊಟ್ಟ. ನಾಳೆ ಸಂಜೆ ಐದು ಗಂಟೆಗೆ ಇಲ್ಲಿಂದ ಬಿಡುಗಡೆ. ಬೇರೆ ಊರಿನ ಕೇಂದ್ರಕ್ಕೆ ಹಾಕ್ತಿದ್ದಾರೆ."

"ಆ ಫೋನ್ ಯಾರದ್ದಕ್ಕಾ?"

"ಅವರಮ್ಮಂದು. ಇಪ್ಪತ್ತೆಂಟು ಸಲ ರಕ್ತ ಕೊಟ್ಟ ಜೀವ ಅದು. ಹೋದ ವರ್ಷ ತೀರ್ಕೊಂಡ್ರು. ಇವನು ಇವತ್ತಿಗೂ ಆ ಫೋನ್ ಚಾರ್ಜಿಗೆ ಹಾಕ್ತಾನೆ. ಆ ನಂಬರಿಗೆ ಯಾರೂ ಮಾಡಲ್ಲ. ಆದ್ರೂ ಹಾಕ್ತಾನೆ."

ಅವಳು ಫೋನಿಟ್ಟು ಮುಖ ಮುಚ್ಚಿಕೊಂಡಳು. 'ನಾನು ಅವರ ಕಡೆ ಬೆರಳು ತೋರಿಸಿದೆ. ಅವರು ನನ್ನನ್ನು ಉಳಿಸಿದರು...'

ಅಳು ಬಂತು. ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಅಪ್ಪನಿಗೆ ಹೇಳಿದಳು: "ನಾಳೆ ಬೇಗ ಹೊರಡ್ತೀನಿ ಅಪ್ಪ."

*

"ಮೇಡಂ, ತಪ್ಪು ನನ್ನದೂ ಹೌದು. ನೆನ್ನೆ ಎಲ್ಲರ ಮುಂದೆ ಒಪ್ಕೊಳ್ಳಲಿಲ್ಲ. ಇವತ್ತು ಒಪ್ಕೊಳ್ತಿದ್ದೀನಿ."

ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಒಪ್ಕೊಂಡ್ರೆ ದೂರು ಹೋಗುತ್ತಾ?"

"ನಲವತ್ತೊಂದು ಮನೆಗೂ ನಾನೇ ಫೋನ್ ಮಾಡಿ ಕ್ಷಮೆ ಕೇಳ್ತೀನಿ. ಮಾಡ್ಯೂಲಿನಲ್ಲಿ 'ಕರೆಯಬೇಡಿ' ಅಂತ ಬೇರೆ ಜಾಗ ಮಾಡ್ತೀನಿ. ಒಬ್ಬೊಬ್ಬರ ಮುಂದೂ ಕಾರಣ ಬರೀಬೇಕು. ಒಂದು ಕಾರಣ ಖಾಲಿ ಇದ್ರೂ ಅದು ಶುರುವಾಗಲ್ಲ. ಇನ್ಮುಂದೆ ಯಾವ ದಿನಾಂಕವನ್ನೂ ಅದು ತಾನೇ ಅಳಿಸಲ್ಲ, ಮನುಷ್ಯರನ್ನ ಕೇಳುತ್ತೆ."

"ಐದು ಗಂಟೆಯವರೆಗೆ ಟೈಮಿದೆ. ಆಗದಿದ್ರೆ ನಿಮ್ಮ ಮಾಡ್ಯೂಲ್ ಕಸಕ್ಕೆ, ಅವರು ಬಸ್ಸಿಗೆ."

ಗಾಜಿನ ಗೋಡೆಯ ಆಚೆ ಅವನು ಫ್ರಿಜ್ಜಿನ ಕೀಲಿಗಳನ್ನು ಎಣಿಸಿ ಬೇರೆಯವರಿಗೆ ಒಪ್ಪಿಸುತ್ತಿದ್ದ. ಅವಳ ಕಡೆ ತಿರುಗಲಿಲ್ಲ. ಅವಳು ನರ್ಸಕ್ಕನ ಕೈಯಲ್ಲಿ ನಲವತ್ತೊಂದು ಹೆಸರಿನ ಪಟ್ಟಿ ಕಳಿಸಿದಳು. ಅರ್ಧ ಗಂಟೆಯಲ್ಲಿ ಅದು ವಾಪಸ್ ಬಂತು. ರಿಜಿಸ್ಟರ್ ನೋಡದೆ, ನೆನಪಿನಿಂದಲೇ ಬರೆದುಕೊಟ್ಟಿದ್ದ. 'ಅಪಘಾತ. ತಂದೆ ಒಬ್ಬರೇ ಇದ್ದಾರೆ.' 'ಮಗು ಉಳಿಯಲಿಲ್ಲ. ಆಸ್ಪತ್ರೆಯ ಹೆಸರು ಎತ್ತಬೇಡಿ.' 'ಕಿಡ್ನಿ ತೊಂದರೆ. ಕರೆದರೆ ಬಂದೇ ಬರುತ್ತಾರೆ, ಅದಕ್ಕೇ ಕರೆಯಬಾರದು.'

ನಲವತ್ತು ಕಾರಣಗಳಿದ್ದವು. ಕೊನೆಯ ಸಾಲು ಖಾಲಿ.

ಅವಳು ಫೋನ್ ಎತ್ತಿಕೊಂಡಳು. ಕೆಲವರು ಬೈದರು. ಕೆಲವರು ಕೇಳಿಸಿಕೊಂಡು ಫೋನಿಟ್ಟರು. ದೂರು ಕೊಟ್ಟವರಲ್ಲಿ ಇಬ್ಬರು, ಹೋಗಲಿ ಬಿಡಮ್ಮ ಎಂದರು. ಕರೆಗಳ ನಡುವೆ ಕೋಡ್ ಬರೆದಳು, ಬರೆದದ್ದನ್ನು ಪ್ರಯೋಗದ ಪಟ್ಟಿಯ ಮೇಲೆ ಓಡಿಸಿ ನೋಡಿದಳು, ಮತ್ತೆ ಫೋನ್ ಹಚ್ಚಿದಳು.

ಮೊದಲು ಕರೆ ಮಾಡಿದ್ದ ಆ ತಂದೆಯನ್ನು ಭಯಕ್ಕೆ ಕೊನೆಗಿಟ್ಟುಕೊಂಡಿದ್ದಳು. ಮೂರನೇ ದೂರು ಅವರದ್ದೇ.

"ಸಾರ್, ನೆನ್ನೆ ತಪ್ಪು ಮಾಡಿದೋಳು ನಾನೇ."

ಅತ್ತ ಅವರು ಕುರ್ಚಿ ಎಳೆದು ಕೂತ ಸದ್ದು ಕೇಳಿಸಿತು.

"ಸಿಟ್ಟಲ್ಲಿ ದೂರು ಕೊಟ್ಟೆನಮ್ಮ. ಆಮೇಲೆ ಆ ಮೆಸೇಜನ್ನ ನಾಕು ಸಲ ಓದ್ದೆ. ಎರಡು ವರ್ಷದಿಂದ ನನ್ನ ಮಗನಿಗೆ ಊಟ ಆಯ್ತಾ ಅಂತ ಯಾರೂ ಕೇಳಿರಲಿಲ್ಲ. ದೂರು ಬೇಡ ಅಂತ ಮೇಡಂಗೆ ಹೇಳ್ತೀನಿ. ನಿನ್ನ ಊಟ ಆಯ್ತಾ?"

ಅವಳು ಬರಿದೆ ಹ್ಞೂಂಗುಟ್ಟಿದಳು.

ನಾಲ್ಕು ಗಂಟೆ ನಲವತ್ತು ನಿಮಿಷ. ಉಳಿದದ್ದು ಒಂದೇ ನಂಬರು.

ಕೊನೆಯ ಸಾಲಿನಲ್ಲಿ ಏನಾದರೂ ಬರೆದುಬಿಡಬಹುದಿತ್ತು. 'ತೀರಿಕೊಂಡಿದ್ದಾರೆ' ಎಂದು ಒತ್ತಿದ್ದರೆ ಮಾಡ್ಯೂಲ್ ಒಪ್ಪಿಕೊಳ್ಳುತ್ತಿತ್ತು. ಅವಳ ಬೆರಳು ಕೀಬೋರ್ಡಿನ ಮೇಲೆ ಹೋಗಿ ನಿಂತಿತು. 'ಇಲ್ಲ. ಇದನ್ನು ನಾನು ಬರೆಯಬಾರದು. ಇನ್ನೊಂದು ಸಲ ಅವರನ್ನು ಕೇಳದೆ ನಾನೇ ತೀರ್ಮಾನ ಮಾಡಬಾರದು.'

ನಂಬರು ಒತ್ತಿದಳು.

ಗಾಜಿನ ಆಚೆ, ಅವನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಹಳೆಯ ಕಾಲದ ಕಿರುಗುಟ್ಟುವ ರಿಂಗ್.

ಅವನು ಕಲ್ಲಾಗಿ ನಿಂತ. ಫೋನ್ ಹೊರತೆಗೆದ. ನಂಬರು ನೋಡಿದ, ತಿರುಗಿ ಗಾಜಿನಾಚೆ ಅವಳನ್ನು ನೋಡಿದ. ಒಂದು ರಿಂಗ್... ಎರಡು... ಐದು... ಅವಳು ಕಾದಳು. ಎತ್ತದಿದ್ದರೆ ಎಲ್ಲ ಮುಗಿಯಿತು.

ಎತ್ತಿ ಕಿವಿಗಿಟ್ಟುಕೊಂಡ.

"ಊಟ ಆಯ್ತಾ?" ಎಂದಳು.

"ಇಲ್ಲ," ಎಂದ.

"ನಾನು ರಕ್ತನಿಧಿಯ ಮಾಡ್ಯೂಲ್ ಬರೆಯೋಳು. ನೆನ್ನೆ ಈ ನಂಬರಿಗೆ ಒಂದು ಮೆಸೇಜ್ ಬಂತು. ಕಳಿಸಬಾರದಾಗಿತ್ತು. ಕೇಳಿದೆ, ಆದ್ರೆ ಸರಿಯಾಗಿ ಕೇಳಲಿಲ್ಲ. ಆಮೇಲೆ ಹೆದರಿ, ತಪ್ಪನ್ನ ಈ ಮನೆಯವರ ಮೇಲೇ ಹಾಕ್ದೆ. ಅದಕ್ಕೆ ಕ್ಷಮೆ ಕೇಳೋಕೆ ಮುಖ ಇಲ್ಲ. ಆದ್ರೂ ಕೇಳ್ತಿದ್ದೀನಿ."

ಅವನು ಗಾಜಿಗೆ ಹಣೆ ಒತ್ತಿದ. ಕಣ್ಣು ತುಂಬಿತ್ತು.

"ಎಷ್ಟು ಮನೆಗೆ ಮಾಡಿದ್ರಿ?"

"ನಲವತ್ತು. ಇದು ಕೊನೇದು." ಅವಳು ಕಣ್ಣೊರೆಸಿಕೊಂಡಳು. "ಇನ್ನೂ ಒಂದು ಹೇಳ್ಬೇಕು. ಮಾಡ್ಯೂಲ್ ಹೋದ್ರೆ ಹೋಗ್ಲಿ, ಇನ್ನೊಂದು ಬರೀತೀನಿ. ನೀವು ಹೋಗಬಾರದು. ನೀವು ಫೋನಲ್ಲಿ ಮಾತಾಡೋದನ್ನ ಕೇಳ್ತಾ ಕೇಳ್ತಾ... ನನಗೆ ನೀವು ಬೇಕು ಅನ್ನಿಸಿಬಿಟ್ಟಿದೆ."

ಅವನು ಫೋನ್ ಕಿವಿಯಿಂದ ತೆಗೆಯದೆಯೇ ಬಾಗಿಲು ದಾಟಿ ಬಂದ. ಅವಳ ಪಕ್ಕ ನಿಂತು ಕೀಬೋರ್ಡ್ ತನ್ನ ಕಡೆ ಎಳೆದುಕೊಂಡ. ನಲವತ್ತೊಂದನೇ ಸಾಲಿನಲ್ಲಿ ಒಂದೊಂದೇ ಅಕ್ಷರ ಒತ್ತಿದ: 'ನಮ್ಮಮ್ಮ. ಇಪ್ಪತ್ತೆಂಟು ಸಲ ಕೊಟ್ಟಿದ್ದಾರೆ. ಇನ್ನು ಸಾಕು.'

ಮಾಡ್ಯೂಲ್ ಒಪ್ಪಿಕೊಂಡಿತು. ಐದಕ್ಕೆ ಏಳು ನಿಮಿಷ ಬಾಕಿಯಿತ್ತು. ಬಾಗಿಲಲ್ಲಿ ನಿಂತಿದ್ದ ಮೇಡಂ ಕೈಯಲ್ಲಿದ್ದ ವರ್ಗಾವಣೆಯ ಪತ್ರವನ್ನು ಎರಡಾಗಿ ಹರಿದು, ನರ್ಸಕ್ಕನ ಕೈಗೆ ಕೊಟ್ಟು, ಏನೂ ನೋಡದವರಂತೆ ಹೋದರು. ನರ್ಸಕ್ಕ ಮಾತ್ರ ಕದಲಲಿಲ್ಲ. ಆಮೇಲೆ ಅವಳೂ ಗಂಟಲು ಕೆರೆದುಕೊಂಡು ಜಾಗ ಖಾಲಿ ಮಾಡಿದಳು.

"ಸೋಮವಾರ ಸಂಜೆ ಒಂದು ಮಾತು ಹೇಳ್ಬೇಕು ಅಂದಿದ್ರಿ," ಎಂದಳು ಅವಳು ಮೆಲ್ಲಗೆ.

"ನೀವೇ ಹೇಳಿಬಿಟ್ರಲ್ಲ ಈಗ. ಅದೇ ಮಾತು."

ಅವಳು ನಗುತ್ತ ಅತ್ತಳು. ಅವನು ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದು ಅವಳ ಮುಂದಿಟ್ಟ.

"ನಾನಿನ್ನೂ ರಕ್ತ ಕೊಟ್ಟಿಲ್ಲ."

"ಬೆಳಗ್ಗೆಯಿಂದ ಏನೂ ತಿಂದಿಲ್ಲ ನೀವು. ತಿನ್ನಿ."

ಇಬ್ಬರೂ ಒಂದೊಂದು ಬಿಸ್ಕತ್ತು ತಿಂದರು. ಹಳೆಯ ಫೋನ್ ಮೇಜಿನ ಮೇಲೆ, ಅವರಿಬ್ಬರ ನಡುವೆ ಇತ್ತು.

"ಆ ನಂಬರಿಗೆ ಇನ್ಮೇಲೆ ಯಾರೂ ಕರೆ ಮಾಡಲ್ಲ," ಎಂದಳು. "ಮಾಡ್ಯೂಲ್ ಬಿಡಲ್ಲ."

ಅವನು ಫೋನನ್ನು ಅವಳ ಕಡೆ ಸ್ವಲ್ಪ ಸರಿಸಿದ.

"ಮಾಡ್ಯೂಲ್ ಮಾಡೋದು ಬೇಡ. ದಿನಾ ಮಧ್ಯಾಹ್ನ ನೀವೇ ಮಾಡಿ."

"ಏನಂತ?"

"ಊಟ ಆಯ್ತಾ ಅಂತ."